ಮಾತು ಬಿಟ್ಟವರ ಸಾಕ್ಷಿ

ಟ್ಯೂನಿಸ್, ೪ ಫೆಬ್ರವರಿ ೨೦೧೯

ಲೆಲ್ಲಾ ಬೇಯಾ ಅವರಿಗೆ,
ಕಾರ್ಯದರ್ಶಿ, ಹೂನೀರು ಇಳಿಸುವ ಮಹಿಳೆಯರ ಸಂಘ, ನಾಬೆಲ್.

ಮಾನ್ಯರೆ,

ನಿಮ್ಮ ಸಂಘದ ಇ-ಮೇಲ್ ವಿಳಾಸಕ್ಕೆ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಆದ್ದರಿಂದ ಈ ಪತ್ರವನ್ನು ನಾಬೆಲ್ ಕಡೆ ಹೋಗುವ ವ್ಯಾನಿನ ಚಾಲಕನ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಹಳೆಯ ಕಸುಬುಗಳನ್ನು ಬಲ್ಲವರಿಗೆ ಸರ್ಕಾರದಿಂದ ಈ ವರ್ಷ ಡಿಜಿಟಲ್ ಬ್ಯಾಡ್ಜ್ ಕೊಡಲಾಗುವುದು. ಕಹಿ ಕಿತ್ತಳೆ ಹೂವಿನ ನೀರು ಇಳಿಸುವವರ ಅರ್ಜಿ ವ್ಯವಸ್ಥೆಯನ್ನು ರೂಪಿಸುವ ಹೊಣೆ ನನ್ನದು. ಅರ್ಜಿ ಬಹಳ ಸರಳ. ಅರ್ಜಿದಾರರು ತಮ್ಮ ಕೌಶಲವನ್ನು ತಾವೇ ನೂರೈವತ್ತು ಪದಗಳಲ್ಲಿ ವಿವರಿಸಬೇಕು. ಇತರರಿಗಿಂತ ತಾವು ಹೇಗೆ ಮೇಲು ಎಂಬುದನ್ನು ಹಿಂಜರಿಯದೆ ಹೇಳಬೇಕು. ಈ ಋತುವಿನಲ್ಲಿ ಹೂನೀರು ಇಳಿಸುತ್ತಿರುವ ವಿಡಿಯೊ ಸೇರಿಸಬೇಕು. ಕೊನೆಗೆ ಫೋನಿಗೆ ಬರುವ ಸಂದೇಶವನ್ನು ತೆರೆದು ಬ್ಯಾಡ್ಜನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ವಿಷಯ. ಹಳೆ ಶಾಲೆಯ ಅಂಗಳದಲ್ಲಿರುವ ಕೋಣೆ ನಿಮ್ಮ ಸಂಘದ ಬಳಿಯೇ ಉಳಿಯಬೇಕಾದರೆ ಏಪ್ರಿಲ್ ೩೦ರೊಳಗೆ ಹತ್ತು ಬ್ಯಾಡ್ಜ್ ಆಗಬೇಕೆಂದು ಪುರಸಭೆ ತಿಳಿಸಿದೆ. ಆಗದಿದ್ದರೆ ಕೋಣೆ ಸರತಿಯಲ್ಲಿ ಕಾಯುತ್ತಿರುವ ಪಾರಿವಾಳ ಸಾಕುವವರ ಸಂಘಕ್ಕೆ ಹೋಗುತ್ತದೆ.

ಹತ್ತು ಖಾಲಿ ನಮೂನೆಗಳನ್ನು ಲಗತ್ತಿಸಿದ್ದೇನೆ.

ಲಸ್ಸಾದ್ ಮೆಹ್ರೆಜ್
ಸಂಯೋಜಕ, ಅರ್ಜಿ ವ್ಯವಸ್ಥೆ


ನಾಬೆಲ್, ೧೧ ಫೆಬ್ರವರಿ

ಸೀ ಲಸ್ಸಾದ್ ಅವರಿಗೆ ಬೇಯಾ ಮಾಡುವ ಸಲಾಂ.

ಪತ್ರ ತಲುಪಿತು. ಇ-ಮೇಲಿನ ಗುಪ್ತಪದ ನನ್ನ ಅಕ್ಕ ಹಲ್ಲೂಮಾಗೆ ಮಾತ್ರ ಗೊತ್ತು. ಅವಳನ್ನು ಕೇಳುವ ಹಾಗಿಲ್ಲ. ಅಕ್ಟೋಬರ್ ಹನ್ನೊಂದರಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅವಳ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ನಾನು ಎತ್ತಿಟ್ಟಿಲ್ಲ.

ಶನಿವಾರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮಹ್ಬೂಬಾ ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದಳು. ಅವಳು ಎಲ್ಲವನ್ನೂ ಗಟ್ಟಿಯಾಗಿಯೇ ಮಾಡುತ್ತಾಳೆ.

"ಬ್ಯಾಡ್ಜು ಅಂದ್ರೆ ಎಲ್ಲಿಗೆ ಚುಚ್ಚಿಕೊಳ್ಳೋದು?" ಎಂದು ಶೆಲ್ಬಿಯಾ ದೊಡ್ಡಮ್ಮ ಕೇಳಿದರು. ಅವರಿಗೆ ಎಪ್ಪತ್ತಾರು ವರ್ಷ.

"ಚುಚ್ಚಿಕೊಳ್ಳೋಕಾಗಲ್ಲ ದೊಡ್ಡಮ್ಮ. ಫೋನ್ ಒಳಗಿರುತ್ತೆ."

"ಫೋನ್ ಒಳಗಿದ್ರೆ ನನ್ನ ನಾದಿನಿ ಹೇಗೆ ನೋಡ್ತಾಳೆ?"

"ನೀವೇ ತೋರಿಸ್ಬೇಕು."

"ಅವಳ ಮುಖಕ್ಕೆ ಹಿಡ್ಕೊಂಡು ನಿಂತ್ಕೊಳ್ಲಾ? ಥೂ, ನಾಚಿಕೆಗೇಡು. ಎದೆ ಮೇಲಿದ್ದಿದ್ರೆ ಅವಳೇ ಹೊಟ್ಟೆ ಉರ್ಕೊಂಡು ಕೇಳ್ತಿದ್ಳು."

ಆಮೇಲೆ 'ಇತರರಿಗಿಂತ ತಾವು ಹೇಗೆ ಮೇಲು' ಎಂಬ ಸಾಲು ಬಂತು. ರಫೀಕಾ ಕಾಫಿ ಬಟ್ಟಲು ಕೆಳಗಿಟ್ಟಳು. ಕೊನೆಗೆ ಮಹ್ಬೂಬಾಳೇ ಹೇಳಿದಳು: "ನನ್ನ ನೀರು ಚೆನ್ನಾಗಿದೆ ಅಂತ ನಾನೇ ಬರೆದು ಸರ್ಕಾರಕ್ಕೆ ಕಳಿಸಿದ್ರೆ ಈ ವರ್ಷ ನನ್ನ ಕತ್ತಾರ್ ತಳ ಹಿಡಿಯೋದು ಗ್ಯಾರಂಟಿ." ಕತ್ತಾರ್ ಎಂದರೆ ನೀರು ಇಳಿಸುವ ತಾಮ್ರದ ಪಾತ್ರೆ, ಅದಕ್ಕೂ ಕಿವಿ ಇದೆ ಎಂದು ನಮ್ಮವರ ನಂಬಿಕೆ.

ನಮ್ಮಲ್ಲಿ ರೂಢಿ ಬೇರೆ, ಸೀ ಲಸ್ಸಾದ್. ಮದುವೆಗೆ ಹೂನೀರು ಬೇಕಾದವರು ಇಳಿಸುವವಳ ಮನೆಗೆ ನೇರ ಬರುವುದಿಲ್ಲ. ಅವಳ ಜೊತೆ ಯಾರು ಮಾತು ಬಿಟ್ಟಿದ್ದಾರೋ ಅವರ ಮನೆಗೆ ಹೋಗಿ ವಿಚಾರಿಸುತ್ತಾರೆ. ಆಗದವಳ ಬಾಯಲ್ಲೇ "ಅವಳ ನೀರು ಪರವಾಗಿಲ್ಲ" ಎಂದು ಬಂದರೆ ಮತ್ತೆ ಕೇಳುವ ಅಗತ್ಯವಿಲ್ಲ. ಗೆಳತಿಯರ ಹೊಗಳಿಕೆಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿಗಳನ್ನೂ ಹಾಗೇ ತುಂಬಬಹುದೇ ಎಂದು ಎಲ್ಲರೂ ಕೇಳುತ್ತಿದ್ದಾರೆ.

ಇನ್ನು ಸಂಖ್ಯೆಯ ವಿಷಯ. ಸಂಘದಲ್ಲಿ ಈಗ ನೀರು ಇಳಿಸುವವರು ಒಂಬತ್ತು ಮಂದಿ. ನನ್ನನ್ನು ಸೇರಿಸಬೇಡಿ. ನಮ್ಮ ಮನೆಯಲ್ಲಿ ಮೂವತ್ತೊಂದು ವರ್ಷ ನೀರು ಇಳಿಸಿದ್ದು ಅಕ್ಕ. ನಾನು ಪಕ್ಕದಲ್ಲಿ ಕೂತು, ಕತ್ತಾರಿನ ತಲೆಯ ಮೇಲಿನ ಬಟ್ಟಲಿನ ನೀರು ಬಿಸಿಯಾದಾಗ ಚೆಲ್ಲಿ ತಣ್ಣೀರು ಹಾಕುತ್ತಿದ್ದೆ. ಸಂಜೆ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅದು ಕಸುಬಲ್ಲ.

ಆ ಕೋಣೆಯಲ್ಲಿರುವುದು ಅಕ್ಕನ ಕತ್ತಾರ್. ಅದರ ಮೇಲೆ ಪಾರಿವಾಳ ಕೂರುವುದನ್ನು ನಾನು ನೋಡಲಾರೆ.

ಬೇಯಾ


ಟ್ಯೂನಿಸ್, ೧೮ ಫೆಬ್ರವರಿ

ಲೆಲ್ಲಾ ಬೇಯಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಚಾಲಕ ಅದನ್ನು ಹರಿಸ್ಸಾ ಡಬ್ಬಿಗಳ ನಡುವೆ ಇಟ್ಟಿದ್ದನೆಂದು ಕಾಣುತ್ತದೆ. ಎರಡನೆಯ ಪುಟ ಓದುವಾಗ ಕಣ್ಣಲ್ಲಿ ನೀರು ಬಂತು, ಖಾರಕ್ಕೆ.

ನಿಮ್ಮ ಊರಿನ ರೂಢಿ ಆಸಕ್ತಿಕರವಾಗಿದೆ. ಆದರೆ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಅರ್ಜಿಯನ್ನು 'ನಾನು' ಎಂದೇ ಆರಂಭಿಸಬೇಕು.

ಲೆಲ್ಲಾ ಹಲ್ಲೂಮಾ ಅವರಿಗೂ ನಿಮಗೂ ಬಂದಿರುವ ವೈಮನಸ್ಯ ನನ್ನ ವ್ಯಾಪ್ತಿಗೆ ಸೇರಿದ್ದಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಮನೆ ಬಿಟ್ಟಿದ್ದಾರೆಂದರೆ ಕೋಪ ಸಣ್ಣದಿರಲಾರದು. ಆದರೂ ಯೋಚಿಸಿ: ನಿಮಗೆ ಬೇಕಾಗಿರುವುದು ಒಂದೇ ಒಂದು ಅರ್ಜಿ. ಮೂವತ್ತೊಂದು ವರ್ಷದ ಅನುಭವ ಇರುವವರು ನಿಮ್ಮ ಕುಟುಂಬದಲ್ಲೇ ಇದ್ದಾರೆ. ಹೇಗಾದರೂ ಮಾಡಿ ಅವರ ಹೆಸರಿನಲ್ಲಿ ಅರ್ಜಿ ಕಳುಹಿಸಿ.

ಲಸ್ಸಾದ್ ಮೆಹ್ರೆಜ್


ನಾಬೆಲ್, ೫ ಮಾರ್ಚ್

ಸೀ ಲಸ್ಸಾದ್ ಅವರಿಗೆ ಸಲಾಂ.

ಹತ್ತು ಅರ್ಜಿಗಳು ಈ ಲಕೋಟೆಯಲ್ಲಿವೆ. ಈ ಸಲ ಹರಿಸ್ಸಾ ಇಲ್ಲದ ವ್ಯಾನು ನೋಡಿ ಕೊಟ್ಟಿದ್ದೇನೆ.

'ನಾನು' ಎಂದು ಬರೆಯಲು ಯಾರೂ ಒಪ್ಪಲಿಲ್ಲ. ಪ್ರತಿಯೊಬ್ಬರ ಅರ್ಜಿಯನ್ನೂ ಅವರಿಗೆ ಆಗದವರೇ ಬರೆದಿದ್ದಾರೆ. ಒಂಬತ್ತು ಜನಕ್ಕೆ ಜಗಳ ಹೊಂದಿಸುವುದು ನಾವು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಇಬ್ಬರು ಎರಡು ವರ್ಷದ ಹಿಂದೆ ರಾಜಿಯಾಗಿದ್ದರು. ಅರ್ಜಿಗಾಗಿ ಹಳೆಯದನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಈಗ ಅವರು ನಿಜವಾಗಿಯೂ ಮಾತು ಬಿಟ್ಟಿದ್ದಾರೆ.

ಮಹ್ಬೂಬಾಳ ಬಗ್ಗೆ ಶೆಲ್ಬಿಯಾ ದೊಡ್ಡಮ್ಮ ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡೆ: "ಹದಿನಾಲ್ಕು ವರ್ಷದ ಹಿಂದೆ ನನ್ನ ಜರಡಿ ತಗೊಂಡು ಹೋದವಳು ಇನ್ನೂ ತಂದುಕೊಟ್ಟಿಲ್ಲ. ಬಾಯಿ ಊರಗಲ. ಆದ್ರೆ ಅವಳ ಉರಿ ಸಣ್ಣದು, ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಸಮ. ನನ್ನ ಮೊಮ್ಮಗಳ ಮದುವೇಲಿ ಎಲ್ಲರಿಗೂ ಅವಳ ನೀರನ್ನೇ ಚಿಮುಕಿಸಿ, ನಂದು ಅಂತ ಹೇಳಿದೆ. ಇದನ್ನ ಅವಳಿಗೆ ಹೇಳ್ಬೇಡಿ." ಮಹ್ಬೂಬಾ ಅದೇ ಕೋಣೆಯಲ್ಲಿ ಕೂತಿದ್ದಳು.

ಹತ್ತನೆಯದು ಅಕ್ಕನದು. ನೀವು ಹೇಳಿದಿರಿ ಎಂದು ಬರೆದೆ. ನನಗೆ ಹೊಗಳಲು ಬರುವುದಿಲ್ಲ. ನನ್ನ ಪುಸ್ತಕದ ಕೆಲವು ದಿನಗಳನ್ನು ನಕಲು ಮಾಡಿದ್ದೇನೆ.

'೨ ಏಪ್ರಿಲ್ ೧೯೮೮. ಮೋಡ. ಅಕ್ಕ ಮೊದಲ ಸಲ ಒಬ್ಬಳೇ ಇಳಿಸಿದಳು. ಉರಿ ಹೆಚ್ಚಾಯಿತು, ನೀರಿಗೆ ಹೊಗೆ ವಾಸನೆ. ಅಕ್ಕ ಅತ್ತಳು. ಅಮ್ಮ ಅದನ್ನೇ ಕಾಫಿಗೆ ಹಾಕಿಕೊಂಡು ಎರಡು ಬಟ್ಟಲು ಕುಡಿದರು. ನೀರು ಐದು ಸಲ ಬದಲಾಯಿಸಿದೆ.'

'೨೬ ಮಾರ್ಚ್ ೧೯೯೭. ಗಾಳಿ. ಅಮ್ಮ ಇಲ್ಲದ ಮೊದಲ ವರ್ಷ. ಅಕ್ಕ ಅಮ್ಮನ ಜಾಗದಲ್ಲಿ ಕೂರಲಿಲ್ಲ, ಪಕ್ಕದಲ್ಲಿ ಕೂತಳು. ನೀರು ಆರು ಸಲ ಬದಲಾಯಿಸಿದೆ.'

'೧೪ ಏಪ್ರಿಲ್ ೨೦೧೮. ಬಿಸಿಲು. ಅಕ್ಕನಿಗೆ ನಿಲ್ಲಲಾಗಲಿಲ್ಲ. ಕೂತೇ ಉರಿ ನೋಡಿದಳು. ಮೂಗು ಮಾತ್ರ ಮೊದಲಿನ ಹಾಗೇ. ಸಾಕು ತೆಗಿ ಅಂದಳು, ತೆಗೆದೆ, ಸರಿಯಾಗಿತ್ತು. ನೀರು ಏಳು ಸಲ ಬದಲಾಯಿಸಿದೆ.'

ಫೋನ್ ಸಂಖ್ಯೆ ಕೇಳಿದ ಕಡೆ ಅವಳದೇ ಸಂಖ್ಯೆ ಬರೆದಿದ್ದೇನೆ.

ಬೇಯಾ


ಟ್ಯೂನಿಸ್, ೧೩ ಮಾರ್ಚ್

ಲೆಲ್ಲಾ ಬೇಯಾ ಅವರಿಗೆ,

ನಿಯಮದ ಪ್ರಕಾರ ಹತ್ತೂ ಅರ್ಜಿಗಳು ತಿರಸ್ಕೃತವಾಗಬೇಕು. ಯಾವುದರಲ್ಲೂ 'ನಾನು' ಇಲ್ಲ. ಮಹ್ಬೂಬಾ ಅವರ ಅರ್ಜಿಯಲ್ಲಿರುವುದು ಒಂದು ಪೊಲೀಸ್ ದೂರು ಮತ್ತು ಒಂದು ತಪ್ಪೊಪ್ಪಿಗೆ.

ತಿರಸ್ಕಾರದ ಮುದ್ರೆ ಒತ್ತುವ ಮೊದಲು ಒಮ್ಮೆ ಓದೋಣ ಎಂದು ಕೂತೆ. ಓದಿ ಮುಗಿಸುವಷ್ಟರಲ್ಲಿ ನನ್ನ ಮೇಜಿನ ಸುತ್ತ ಆರು ಮಂದಿ ನಿಂತಿದ್ದರು. ಹತ್ತಿ ನೇಯುವವರ, ಮಡಕೆ ಮಾಡುವವರ ಅರ್ಜಿಗಳೂ ನಮ್ಮಲ್ಲಿ ರಾಶಿ ಬಿದ್ದಿವೆ. ಎಲ್ಲರೂ ತಾವೇ ದೇಶದಲ್ಲಿ ಮೊದಲಿಗರು ಎಂದು ಬರೆದಿದ್ದಾರೆ. ನಂಬುವಂತೆ ಇರುವುದು ನಿಮ್ಮವು ಮಾತ್ರ. ನಮ್ಮ ಮೇಲಧಿಕಾರಿಯವರು ದಿನಾ ಬಂದು, ಆ ಜರಡಿ ವಾಪಸ್ ಬಂತೇ ಎಂದು ಕೇಳುತ್ತಿದ್ದಾರೆ. ದಯವಿಟ್ಟು ತಿಳಿಸಿ. ಅರ್ಜಿಗಳನ್ನು ಸದ್ಯಕ್ಕೆ ವ್ಯವಸ್ಥೆಗೆ ಸೇರಿಸಿದ್ದೇನೆ. ನಮೂನೆ ಬದಲಾಯಿಸಲು ಅನುಮತಿ ಕೇಳಿದ್ದೇನೆ.

ಲೆಲ್ಲಾ ಹಲ್ಲೂಮಾ ಅವರ ಅರ್ಜಿಯನ್ನು ನೀವೇ ಬರೆದಿರುವುದು ನೋಡಿ ನಿಮ್ಮ ಊರಿನ ರೂಢಿಯ ಬೆಲೆ ನನಗೆ ಗೊತ್ತಾಯಿತು. ಮಾತು ಬಿಟ್ಟವರ ಬಗ್ಗೆ ಇಷ್ಟು ನ್ಯಾಯವಾಗಿ ಬರೆಯುವುದು ಎಲ್ಲರಿಗೂ ಆಗುವುದಿಲ್ಲ. ಅವರ ಸಹಿ ಮತ್ತು ಈ ಋತುವಿನ ವಿಡಿಯೊ ಬಂದರೆ ಸಾಕು.

ಲಸ್ಸಾದ್


ನಾಬೆಲ್, ೨೩ ಮಾರ್ಚ್

ಸೀ ಲಸ್ಸಾದ್ ಅವರಿಗೆ ಸಲಾಂ.

ಜರಡಿ ಬಂದಿಲ್ಲ.

ಹೂ ಬಂದಿದೆ. ಸಂತೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಬಿಳಿ. ಸೋಮವಾರ ಮೊದಲ ಕತ್ತಾರ್ ಹಚ್ಚಿದರು. ವಿಡಿಯೊ ತೆಗೆಯಲು ರಫೀಕಾ ಫೋನ್ ಎತ್ತಿದ್ದೇ ತಡ, ಮಹ್ಬೂಬಾ ಓಡಿ ಬಂದು ಕತ್ತಾರಿನ ಮುಂದೆ ತನ್ನ ಮೇಲುಹೊದಿಕೆ ಹಿಡಿದು ನಿಂತಳು.

"ಮೊದಲನೇ ಸೀಸೆಗೆ ಕಣ್ಣು ಬಿದ್ರೆ ಇಡೀ ವರ್ಷದ ನೀರು ಹಾಳು ಕಣೇ!"

"ಕಣ್ಣೆಲ್ಲಿದೆ? ಇದು ಫೋನು."

"ಆ ಫೋನ್ ಹಿಂದೆ ಟ್ಯೂನಿಸ್ ಕಚೇರಿ ತುಂಬಾ ಕಣ್ಣಿದೆ. ಅವರೇನು ತಿಂದುಂಡು ಸುಖವಾಗಿರೋರಾ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಕತ್ತಾರಿಗೆ ಹಾಸಿಗೆ ಬಟ್ಟೆ ಮರೆ ಕಟ್ಟಿ, ದೃಷ್ಟಿ ತಾಗದಂತೆ ಅದರ ಮೇಲೆ ಒಣ ಮೀನಿನ ಬಾಲ ತೂಗುಹಾಕಿ, ಆಮೇಲೆ ವಿಡಿಯೊ ತೆಗೆದರು. ನಿಮಗೆ ನಲವತ್ತು ನಿಮಿಷ ಹಾಸಿಗೆ ಬಟ್ಟೆ ಕಾಣುತ್ತದೆ. ನೀರು ಹನಿಯುವ ಸದ್ದು ಕೇಳುತ್ತದೆ. ಮಧ್ಯೆ ಶೆಲ್ಬಿಯಾ ದೊಡ್ಡಮ್ಮ ನಾದಿನಿಯ ಬಗ್ಗೆ ಮಾತಾಡಿದ್ದನ್ನು ದಯವಿಟ್ಟು ಕೇಳಬೇಡಿ.

ಅಕ್ಕನ ವಿಡಿಯೊ ಇಲ್ಲ. ಅವಳ ಕತ್ತಾರನ್ನು ಈ ವರ್ಷ ಯಾರೂ ಹಚ್ಚಿಲ್ಲ. ಸಹಿಯೂ ಸಿಗುವುದಿಲ್ಲ. ಶುಕ್ರವಾರ ಶುಕ್ರವಾರ ಅವಳಲ್ಲಿಗೆ ಹೋಗಿ ಬರುತ್ತೇನೆ. ಕಲ್ಲಿನ ಮೇಲೆ ನೀರು ಹಾಕುತ್ತೇನೆ. ನಾನೊಬ್ಬಳೇ ಮಾತಾಡುತ್ತೇನೆ, ಬರುತ್ತೇನೆ.

ಬೇಯಾ


ಟ್ಯೂನಿಸ್, ೨೯ ಮಾರ್ಚ್

ಲೆಲ್ಲಾ ಬೇಯಾ ಅವರಿಗೆ,

ಸಂತೋಷದ ಸುದ್ದಿ. ನಮೂನೆ ಬದಲಾಯಿತು! ಅರ್ಜಿದಾರರ ಹೊಗಳಿಕೆಯ ಜಾಗದಲ್ಲಿ ಈಗ 'ಆಗದವರ ಹೇಳಿಕೆ' ಎಂಬ ಕಲಮು ಇದೆ. ನಿಮ್ಮ ಒಂಬತ್ತು ಅರ್ಜಿಗಳು ಮಂಜೂರಾಗಿವೆ. ಹಾಸಿಗೆ ಬಟ್ಟೆಯ ವಿಡಿಯೊವನ್ನೂ ಒಪ್ಪಿಕೊಂಡಿದ್ದೇವೆ. ನಾದಿನಿಯ ಭಾಗವನ್ನು ಕಚೇರಿಯಲ್ಲಿ ಎರಡು ಸಲ ಹಾಕಿಸಿ ಕೇಳಿದರು, ನಾನಲ್ಲ.

ಉಳಿದಿರುವುದು ಹತ್ತನೆಯದು. ನಮ್ಮ ವ್ಯವಸ್ಥೆ ಲೆಲ್ಲಾ ಹಲ್ಲೂಮಾ ಅವರ ಫೋನಿಗೆ ಹನ್ನೆರಡು ನೆನಪೋಲೆ ಕಳುಹಿಸಿದೆ. ಎಲ್ಲವೂ ತಲುಪಿವೆ, ತೆರೆದೂ ನೋಡಿದ್ದಾರೆ, ಉತ್ತರವಿಲ್ಲ. ಇನ್ನು ಸುಮ್ಮನಿದ್ದರೆ 'ನಿಷ್ಕ್ರಿಯ ಅರ್ಜಿದಾರ' ಎಂದು ದಾಖಲಾಗುತ್ತದೆ.

ನೀವು ಪ್ರತಿ ಶುಕ್ರವಾರ ಹೋಗಿ ಅಂಗಳದ ಕಲ್ಲು ತೊಳೆದು ಬಂದರೂ ಅವರು ಕರಗಲಿಲ್ಲವೆಂದು ಓದಿ ಬೇಸರವಾಯಿತು. ನನ್ನ ತಾಯಿಗೆ ಹೇಳಿದೆ. ಬರಿಗೈಲಿ ಹೋಗಬಾರದು, ಬಾದಾಮಿ ಸಿಹಿ ತೆಗೆದುಕೊಂಡು ಹೋಗಲಿ, ಅಕ್ಕತಂಗಿಯರ ಕೋಪ ಎಷ್ಟು ದಿನ ಎಂದರು. ಪ್ರಯತ್ನಿಸಿ.

ಲಸ್ಸಾದ್


ನಾಬೆಲ್, ೨ ಏಪ್ರಿಲ್, ಮಂಗಳವಾರ

ಸೀ ಲಸ್ಸಾದ್,

ನಾನು ಮಹ್ಬೂಬಾ. ಬಾಯಿ ಊರಗಲ ಅಂತ ಓದಿರ್ತೀರಿ. ನಿಜ. ಅದಕ್ಕೇ ಯಾರೂ ಹೇಳದ್ದನ್ನ ನಾನು ಹೇಳ್ತಿದ್ದೀನಿ. ಈ ಕಾಗದ ಬೇಯಾಗೆ ಗೊತ್ತಾಗಬಾರದು.

ನಿಮಗೆ ಓದೋಕೆ ಬರುತ್ತಾ, ಇಲ್ಲಾ ಬರೀ ಮುದ್ರೆ ಒತ್ತೋಕೆ ಮಾತ್ರಾನಾ? ಹಲ್ಲೂಮಾ ಅಕ್ಟೋಬರ್ ಹನ್ನೊಂದಕ್ಕೆ ತೀರಿಕೊಂಡಳು. ಬೇಯಾ ಶುಕ್ರವಾರ ಹೋಗೋದು ಗೋರಿಗೆ. ಅವಳ ಕೈಲಿ ಆ ಒಂದು ಪದ ಬರೆಯೋಕಾಗಲ್ಲ. ಆರು ತಿಂಗಳಾಯ್ತು, ಬಾಯಲ್ಲೂ ಹೇಳಿಲ್ಲ. ಬಾದಾ‌ಮಿ ಸಿಹಿ ಅಂತೆ!

ಹಲ್ಲೂಮಾಳ ಫೋನು ಅಡುಗೆಮನೆ ಡ್ರಾಯರಲ್ಲಿದೆ. ಬೇಯಾ ದಿನಾ ಅದಕ್ಕೆ ಚಾರ್ಜ್ ಹಾಕ್ತಾಳೆ. ನಿಮ್ಮ ನೆನಪೋಲೆ ಬಂದಾಗಲೆಲ್ಲ ಅದು ಕೂಗುತ್ತೆ. ಇವಳು ಕೈ ಒರೆಸ್ಕೊಂಡು ಓಡಿ ಹೋಗಿ ನೋಡ್ತಾಳೆ. ಹನ್ನೆರಡು ಸಲ ಓಡಿದ್ದಾಳೆ. ನಿಷ್ಕ್ರಿಯ ಅಂತೆ. ನಿಮ್ಮಜ್ಜಿ ನಿಷ್ಕ್ರಿಯ.

ಈಗ ಕೆಲಸದ ಮಾತು. ಹತ್ತನೇ ಅರ್ಜಿ ಬೇಯಾದಾಗ್ಬೇಕು. ನೀರು ಬದಲಾಯಿಸೋದು ಕಸುಬಲ್ಲ ಅಂತ ಅವಳು ಅಂದ್ಕೊಂಡಿದ್ದಾಳೆ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಹಲ್ಲೂಮಾಳ ನೀರು ಅಷ್ಟು ಚೆನ್ನಾಗಿರ್ತಿದ್ದದ್ದು ಕತ್ತಾರಿನ ತಲೆ ಮೇಲೆ ಬೇಯಾಳ ಕೈ ಇತ್ತು ಅಂತ. ಆದ್ರೆ ಅವಳು ಕತ್ತಾರ್ ಮುಟ್ಟಲ್ಲ. ಇನ್ನೊಂದು ತೊಂದರೆ, ಆಗದವರ ಹೇಳಿಕೆ ಬರೆಯೋಕೆ ಅವಳಿಗೆ ಆಗದವರೇ ಊರಲ್ಲಿಲ್ಲ. ಐವತ್ತೆಂಟು ವರ್ಷದಲ್ಲಿ ಯಾರ ಹತ್ರಾನೂ ಜಗಳ ಆಡದೆ ಬದುಕಿದ ಹೆಂಗಸು. ಇಂಥವರನ್ನ ಇಟ್ಕೊಂಡು ಸಂಘ ನಡೆಸೋದು ಹೇಗೆ?

ಅದಕ್ಕೆ ನಾಳೆ ಬೆಳಗ್ಗೆ ನಾನೇ ಹೋಗಿ ಜಗಳ ತೆಗೀತೀನಿ. ಏನು ಹೇಳ್ಬೇಕು ಅಂತ ಯೋಚಿಸಿಟ್ಟಿದ್ದೀನಿ. ಹೇಳೋಕೆ ಮನಸ್ಸು ಬರ್ತಿಲ್ಲ, ಆದ್ರೂ ಹೇಳ್ತೀನಿ. ಒಂದು ಖಾಲಿ ನಮೂನೆ ಕಳಿಸಿ.

ಮಹ್ಬೂಬಾ

ಜರಡಿ ನನ್ನ ಹತ್ರ ಇಲ್ಲ. ದೊಡ್ಡಮ್ಮನ ಅಟ್ಟದಲ್ಲೇ ಇದೆ. ಅವರಿಗೆ ಹೇಳ್ಬೇಡಿ, ಪಾಪ, ಆಮೇಲೆ ಅವರಿಗೆ ಮಾತಾಡೋಕೆ ಏನಿರುತ್ತೆ?


ಟ್ಯೂನಿಸ್, ೫ ಏಪ್ರಿಲ್

ಲೆಲ್ಲಾ ಬೇಯಾ,

ನಿಮ್ಮ ಅಕ್ಕನ ವಿಷಯ ಬೇರೆಯವರಿಂದ ತಿಳಿಯಿತು. ನಿಮ್ಮ ಪತ್ರಗಳನ್ನು ಮತ್ತೆ ತೆಗೆದು ಓದಿದೆ. ನೀವು ಎಲ್ಲವನ್ನೂ ಬರೆದಿದ್ದಿರಿ. ನಾನು ನಮೂನೆಗೆ ಬೇಕಾದಷ್ಟನ್ನು ಮಾತ್ರ ಓದಿದ್ದೆ.

ದೇವರು ಅವರಿಗೆ ಶಾಂತಿ ಕೊಡಲಿ. ನಿಮಗೆ ತಾಳ್ಮೆ ಕೊಡಲಿ. ಆ ಹನ್ನೆರಡು ಸಂದೇಶಗಳಿಗೆ ಕ್ಷಮೆ ಕೇಳುತ್ತೇನೆ. ಅವನ್ನು ನಿಲ್ಲಿಸಿದ್ದೇನೆ. ನನ್ನ ತಾಯಿ ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋಗುತ್ತಾರೆ.

ತೀರಿಕೊಂಡವರ ಹೆಸರಿನಲ್ಲಿ ಬ್ಯಾಡ್ಜ್ ಕೊಡಲು ವ್ಯವಸ್ಥೆಯಲ್ಲಿ ದಾರಿಯಿಲ್ಲ. ನಾನು ಹುಡುಕಿದೆ. ಏಪ್ರಿಲ್ ೩೦ ಹಾಗೇ ಇದೆ. ಈ ಮಾತನ್ನು ಇಂಥ ಪತ್ರದಲ್ಲಿ ಬರೆಯಬಾರದು. ಬರೆಯದಿದ್ದರೆ ನಿಮಗೆ ಮೋಸವಾಗುತ್ತದೆ.

ಲಸ್ಸಾದ್


ನಾಬೆಲ್, ೧೩ ಏಪ್ರಿಲ್

ಸೀ ಲಸ್ಸಾದ್,

ಕ್ಷಮೆ ಬೇಡ. ಆ ಫೋನು ಕೂಗುವುದು ನನಗೆ ಹಿತವಾಗಿತ್ತು. ಯಾರೋ ಅವಳನ್ನು ಇನ್ನೂ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ತಾಯಿಗೆ ನನ್ನ ಸಲಾಂ ತಿಳಿಸಿ, ತಪ್ಪು ನನ್ನದೂ ಇತ್ತೆಂದು ಹೇಳಿ.

ಇಲ್ಲಿ ಒಂದು ಕೆಟ್ಟ ಸಂಗತಿ ನಡೆಯಿತು. ಮೂರನೆಯ ತಾರೀಕು ಬೆಳಗ್ಗೆ ಮಹ್ಬೂಬಾ ಬಂದಳು. ಕಾಫಿ ಬೇಡ ಅಂದಳು. ಹೊಸ್ತಿಲಲ್ಲೇ ನಿಂತು ಹೇಳಿದಳು:

"ನಿಮ್ಮಕ್ಕನ ನೀರಲ್ಲಿ ಯಾವತ್ತೂ ಹೊಗೆ ವಾಸನೆ ಇರ್ತಿತ್ತು. ದಾಕ್ಷಿಣ್ಯಕ್ಕೆ ಯಾರೂ ಹೇಳ್ತಿರಲಿಲ್ಲ."

"ಏನಂದೆ?"

"ಹೊಗೆ ಅಂದೆ. ನೀನು ಪಕ್ಕದಲ್ಲಿ ಕೂತು ಸುಮ್ನೆ ಬರ್ಕೊಂಡೆ."

ಸೀ ಲಸ್ಸಾದ್, ನನ್ನೊಳಗಿಂದ ಯಾವ ದನಿ ಬಂತೋ ನನಗೇ ತಿಳಿಯದು. "ಒಂದೇ ಒಂದು ಸಲ! ಎಂಬತ್ತೆಂಟರಲ್ಲಿ! ಆ ಸೀಸೆ ಅಮ್ಮ ಕುಡಿದು ಮುಗಿಸಿದ್ರು! ಪುಸ್ತಕದಲ್ಲಿದೆ, ತೋರಿಸ್ಲಾ?"

"ಪುಸ್ತಕದಲ್ಲಿ ವಾಸನೆ ಬರುತ್ತೇನೇ?"

"ನಡಿಯೇ ಆಚೆ! ನನ್ನ ಅಕ್ಕ ಸತ್ತಿದ್ದಾಳೆ ಅಂತ ಬಾಯಿಗೆ ಬಂದಂಗೆ ಮಾತಾಡ್ತೀಯಾ?"

ಎದುರು ಮನೆಯ ಕಿಟಕಿಗಳು ತೆರೆದವು. ಆ ಪದ ನನ್ನ ಬಾಯಿಂದ ಬಂದಾಗಿತ್ತು. ಮಹ್ಬೂಬಾ ಮೆಟ್ಟಿಲು ಇಳಿದು ಹೋದಳು. ನಾನು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು ಸಂತೆಗೆ ಹೋಗಿ ಒಂದು ಅಳತೆ ಹೂ ತಂದೆ.

ಮರುದಿನ ಬೆಳಗ್ಗೆ ಕೋಣೆಗೆ ಹೋಗಿ ಅಕ್ಕನ ಕತ್ತಾರ್ ಹಚ್ಚಿದೆ. ಅವಳ ಜಾಗದಲ್ಲಿ ಕೂರಲಿಲ್ಲ, ನನ್ನ ಜಾಗದಲ್ಲೇ ಕೂತೆ. ಉರಿ ನೋಡಲು ನನಗೆ ಬರುವುದಿಲ್ಲ ಅಂದುಕೊಂಡಿದ್ದೆ. ಬಟ್ಟಲಿನ ನೀರಿಗೆ ಬೆರಳು ಅದ್ದಿದೆ. ಕೆಳಗಿನ ಉರಿ ಎಷ್ಟಿದೆಯೆಂದು ಬೆರಳಿಗೆ ಗೊತ್ತಾಯಿತು. ಒಂದು ಕೊಳ್ಳಿ ಹೊರಗೆ ಎಳೆದೆ. ಆಗ ನೆನಪಾಯಿತು: ಮೂವತ್ತೊಂದು ವರ್ಷವೂ ನಾನು "ಬಿಸಿಯಾಯ್ತು" ಅಂದಾಗಲೇ ಅಕ್ಕ ಕೊಳ್ಳಿ ಎಳೆಯುತ್ತಿದ್ದದ್ದು. ಇದನ್ನು ನಾನು ಪುಸ್ತಕದಲ್ಲಿ ಒಂದು ಸಲವೂ ಬರೆದಿಲ್ಲ.

ಅಕ್ಕನ ಫೋನನ್ನು ಗೋಡೆಗೆ ಒರಗಿಸಿ ವಿಡಿಯೊ ತೆಗೆದೆ. ಮರೆ ಕಟ್ಟಲಿಲ್ಲ. ನಮ್ಮ ಮನೆಗೆ ಬೀಳಬೇಕಾದ ಕಣ್ಣು ಬಿದ್ದಾಗಿದೆ. ಈ ವಿಡಿಯೊ ಅಕ್ಕನ ಕಡತದಲ್ಲಿಡಿ. ಅವಳ ಕತ್ತಾರಿನಲ್ಲಿ ಹೊಗೆ ಇರಲಿಲ್ಲವೆಂಬುದಕ್ಕೆ ದಾಖಲೆ ಬೇಕು. ಮೊದಲ ಸೀಸೆಯನ್ನು ಮಹ್ಬೂಬಾಳ ಹೊಸ್ತಿಲ ಮೇಲೆ ಇಟ್ಟು, ಬಾಗಿಲು ಬಡಿದು, ಮಾತಾಡದೆ ಬಂದೆ.

ಬೇಯಾ


ಟ್ಯೂನಿಸ್, ೨೬ ಏಪ್ರಿಲ್

ಲೆಲ್ಲಾ ಬೇಯಾ,

ನಿಮ್ಮ ಹೆಸರಿನಲ್ಲಿ ಒಂದು ಅರ್ಜಿ ಬಂದಿದೆ. ನೀವು ಹಾಕಿದ್ದಲ್ಲ. ನಮ್ಮ ಹೊಸ ನಿಯಮದಂತೆ ಅದು ಸರಿಯಾಗಿಯೇ ಇದೆ. ಆಗದವರ ಹೇಳಿಕೆಯನ್ನು ಹಾಗೇ ನಕಲು ಮಾಡುತ್ತೇನೆ:

'ಬೇಯಾ ನನ್ನನ್ನು ಇಡೀ ಬೀದಿಗೆ ಕೇಳಿಸುವಂತೆ ಬೈದು ಹೊರಗೆ ಹಾಕಿದಳು. ಸಾಕ್ಷಿ ಬೇಕಾದರೆ ಎದುರಿನ ಮೂರು ಮನೆಗಳಿವೆ. ಅವಳ ಬಗ್ಗೆ ಒಳ್ಳೆಯದು ಹೇಳುವ ಋಣ ನನಗಿಲ್ಲ. ಮರುದಿನ ಹೊಸ್ತಿಲ ಮೇಲಿದ್ದ ಸೀಸೆಯನ್ನು ಮೂರು ಸಲ ಮೂಸಿದೆ. ಹೊಗೆ ಇಲ್ಲ. ಮೊದಲು ಹಲ್ಲೂಮಾಳ ಕೈ ಅಂದುಕೊಂಡೆ. ಅಲ್ಲ. ಇದು ಅದಕ್ಕಿಂತ ತಂಪು. ಇಂಥ ನೀರು ಇಳಿಸಲು ನನಗೆ ಬರುವುದಿಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತಿದೆ.'

ನಿಮ್ಮ ವಿಡಿಯೊವನ್ನು ಅಕ್ಕನ ಕಡತದಿಂದ ನಿಮ್ಮ ಕಡತಕ್ಕೆ ಬದಲಾಯಿಸಿದ್ದೇನೆ, ಕ್ಷಮಿಸಿ. ಹತ್ತನೆಯ ಅರ್ಜಿ ಮಂಜೂರಾಗಿದೆ. ನಿಮಗೆ ಫೋನ್ ಇಲ್ಲದ ಕಾರಣ ಮಹ್ಬೂಬಾ ಅವರು ನಿಮ್ಮ ಅಕ್ಕನ ಸಂಖ್ಯೆಯನ್ನೇ ಕೊಟ್ಟಿದ್ದಾರೆ. ಒಂದು ಸಂದೇಶ ಬರುತ್ತದೆ. ಒಂದೇ ಒಂದು.

ಎಲ್ಲ ಬ್ಯಾಡ್ಜ್‌ಗಳಲ್ಲೂ ಹೆಸರಿನ ಕೆಳಗೆ 'ಕಲಿಸಿದವರು' ಎಂಬ ಸಾಲು ಸೇರಿಸಿದ್ದೇನೆ. ಸತ್ತವರ ಹೆಸರು ಬರೆಯಲು ಅಲ್ಲಿ ಅಡ್ಡಿಯಿಲ್ಲ. ಬ್ಯಾಡ್ಜ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ನವೀಕರಣಕ್ಕೆ ಆಗದವರ ಹೊಸ ಹೇಳಿಕೆ ಬೇಕಾಗುತ್ತದೆ.

ಲಸ್ಸಾದ್


ನಾಬೆಲ್, ೪ ಮೇ

ಸೀ ಲಸ್ಸಾದ್ ಅವರಿಗೆ ಸಲಾಂ.

ರಮದಾನ್ ಬರುವ ಮೊದಲು ಬರೆದು ಮುಗಿಸೋಣವೆಂದು ಕೂತಿದ್ದೇನೆ. ಪತ್ರದ ಜೊತೆ ಬರುವ ಸೀಸೆ ನಿಮ್ಮ ತಾಯಿಗೆ. ಕಾಫಿಗೆ ನಾಲ್ಕು ಹನಿ ಸಾಕು.

ಮಹ್ಬೂಬಾ ಬೇಕೆಂದೇ ಜಗಳ ತೆಗೆದಳೆಂದು ನನಗೆ ಅಂದೇ ಗೊತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಸ್ತಿಲಲ್ಲಿ ನಿಂತಾಗಲೇ ಅವಳ ಕಣ್ಣು ತುಂಬಿತ್ತು. ಗೊತ್ತಿದ್ದೂ ಕೂಗಿದೆ. ಕೂಗಬೇಕಿತ್ತು. ನಿಮಗೆ ಬರೆದ ಹಿಂದಿನ ಪತ್ರದಲ್ಲಿ ಈ ನಿಜ ಹೇಳದೆ ಇದ್ದದ್ದು ಅರ್ಜಿ ಕೆಡಬಾರದೆಂದು.

ಈಗ ಅವಳಿಗೆ ನಿಜವಾದ ಕೋಪ ಬಂದಿರುವುದು ನಿಮ್ಮ ಮೇಲೆ. ಅವಳಿಗೆ ಕಸುಬು ಕಲಿಸಿದ್ದು ಅವಳ ಅತ್ತೆ. "ಇಪ್ಪತ್ತು ವರ್ಷ ಆ ಮುದುಕಿ ಕಾಟ ತಡ್ಕೊಂಡೆ, ಈಗ ಫೋನ್ ಒಳಗೂ ಬಂದು ಕೂತವಳೇ" ಎಂದು ಬೀದಿಗೆಲ್ಲ ಹೇಳುತ್ತಿದ್ದಾಳೆ. ಬೀದಿಗೆಲ್ಲ ತೋರಿಸುತ್ತಲೂ ಇದ್ದಾಳೆ. ಶೆಲ್ಬಿಯಾ ದೊಡ್ಡಮ್ಮ ತಮ್ಮದನ್ನು ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಿ ಎದೆಗೆ ಪಿನ್ನು ಹಾಕಿಕೊಂಡಿದ್ದಾರೆ. ನಾದಿನಿ ಕೇಳಿದಳಂತೆ.

ಮೂವತ್ತನೆಯ ತಾರೀಕು ಪಾರಿವಾಳದವರ ಸಂಘದ ಅಧ್ಯಕ್ಷರು ಅಳತೆಯ ಟೇಪು ಹಿಡಿದು ಬಂದಿದ್ದರು. ಕೂರಿಸಿ ಕಾಫಿ ಕೊಟ್ಟೆವು. ಎರಡನೆಯ ಬಟ್ಟಲು ಕುಡಿದು, ಟೇಪು ಜೇಬಿಗೆ ಹಾಕಿಕೊಂಡು ಹೋದರು. ಈ ಸುವಾಸನೆಯಲ್ಲಿ ಪಾರಿವಾಳಗಳಿಗೆ ತಲೆನೋವು ಬರುತ್ತಿತ್ತು ಎಂದರು.

ನವೀಕರಣದ ವಿಷಯ ಸಭೆಯಲ್ಲಿ ಓದಿದೆ. ಅಷ್ಟರಲ್ಲಿ ರಾಜಿಯಾಗಿಬಿಟ್ಟರೆ ಗತಿಯೇನು ಎಂದು ಎಲ್ಲರಿಗೂ ಭಯ ಹತ್ತಿದೆ. ಆದ್ದರಿಂದ ನಾನೂ ಮಹ್ಬೂಬಾಳೂ ಮೂರು ವರ್ಷ ಮಾತಾಡಬಾರದೆಂದು ತೀರ್ಮಾನವಾಗಿದೆ. ಇಬ್ಬರೂ ಸಹಿ ಹಾಕಿದ್ದೇವೆ. ಅವಳು ದಿನಾ ಬೆಳಗ್ಗೆ ಬಂದು, ನನಗೆ ಬೆನ್ನು ತಿರುಗಿಸಿ ಕೂತು, ಗೋಡೆಗೆ ಊರಿನ ಸುದ್ದಿಯೆಲ್ಲ ಹೇಳಿ ಹೋಗುತ್ತಾಳೆ. ನಾನು ಕಾಫಿಯನ್ನು ಅವಳ ಪಕ್ಕದಲ್ಲಿಟ್ಟು ಬರುತ್ತೇನೆ.

ನಿಮಗೆ ದಾಖಲೆ ಇಷ್ಟ. ನನ್ನ ಪುಸ್ತಕದಿಂದ ಈ ವರ್ಷದ ಕೊನೆಯ ಸಾಲುಗಳನ್ನು ಬರೆದು ಕಳುಹಿಸುತ್ತಿದ್ದೇನೆ.

'೩೦ ಏಪ್ರಿಲ್ ೨೦೧೯. ಬಿಸಿಲು. ಹೂ ಇವತ್ತಿಗೆ ಮುಗಿಯಿತು. ಬೆಳಗ್ಗೆ ಅಕ್ಕನ ಫೋನು ಕೂಗಿತು. ಒಪ್ಪಿಕೊಳ್ಳುತ್ತೀರಾ ಎಂದು ಕೇಳಿತ್ತು. ಕೈ ಒರೆಸಿಕೊಂಡು ಹೂಂ ಎಂದು ಒತ್ತಿದೆ. ಅಕ್ಕನ ಚಪ್ಪಲಿ ಹಾಕಿಕೊಂಡು ಕೋಣೆಗೆ ಹೋದೆ, ಸ್ವಲ್ಪ ದೊಡ್ಡದಾಗುತ್ತದೆ. ಉರಿ ನಾನೇ ನೋಡಿದೆ. ನೀರು ಬದಲಾಯಿಸಿದ್ದು ಮಹ್ಬೂಬಾ. ಆರು ಸಲ. ಒಂದೂ ಮಾತಾಡಲಿಲ್ಲ.'

ಬೇಯಾ